ಹಳಿಯಾಳದ ಶಾಸಕ, ದೆಹಲಿಯ ಮಂತ್ರಿ

ಹಳಿಯಾಳ ಎಂದೊಡನೆ ಇಂದು ಯಾರಿಗಾದರೂ ಮೊದಲು ನೆನಪಾಗುವುದು ಆರ್.ವಿ. ದೇಶಪಾಂಡೆ ಅವರ ಹೆಸರು. 1983ರಲ್ಲಿ ಮೊದಲ ಬಾರಿಗೆ ಗೆದ್ದವರು 2023ರ ಹೊತ್ತಿಗೆ ಒಂಬತ್ತು ಸಲ ಅದೇ ಕ್ಷೇತ್ರದಿಂದ ವಿಧಾನಸಭೆಗೆ ಹೋಗಿದ್ದಾರೆ. ದಾಂಡೇಲಿಯ ಕಾಗದದ ಕಾರ್ಖಾನೆಯ ಕಾರ್ಮಿಕನಿಗೂ ಜೊಯಿಡಾದ ಕಾಡಂಚಿನ ಕುಣಬಿ ರೈತನಿಗೂ ಶಾಸಕ ಎಂದರೆ ಅವರೇ ಎಂಬಷ್ಟು ಈ ಹೆಸರು ಕ್ಷೇತ್ರಕ್ಕೆ ಅಂಟಿಕೊಂಡಿದೆ. ಆದರೆ ಅದಕ್ಕೂ ಹದಿನಾರು ವರ್ಷ ಮೊದಲು, 1967ರಲ್ಲಿ, ಇದೇ ಹಳಿಯಾಳ ಇನ್ನೊಬ್ಬರನ್ನು ಬೆಂಗಳೂರಿಗೆ ಕಳಿಸಿತ್ತು. ಮುಂದೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ, ಯೋಜನಾ ಆಯೋಗದ ಉಪಾಧ್ಯಕ್ಷ, ಕೇಂದ್ರದ ವಾಣಿಜ್ಯ ಸಚಿವ ಎಲ್ಲವೂ ಆದ ರಾಮಕೃಷ್ಣ ಮಹಾಬಲೇಶ್ವರ ಹೆಗಡೆ ಅವರೇ ಆ ಶಾಸಕರು.

ಹೆಗಡೆ ಅವರನ್ನು ಸಿದ್ದಾಪುರದವರೆಂದು ನಾಡು ಬಲ್ಲದು, ಬಸವನಗುಡಿಯ ಪ್ರತಿನಿಧಿಯೆಂದು ಬೆಂಗಳೂರಿನವರು ಬಲ್ಲರು. ಹಳಿಯಾಳದ ಹೆಸರು ಅವರ ಜೀವನಚಿತ್ರದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆ ಒಂದು ಸಾಲನ್ನು ಹಿಡಿದು ನೋಡಿದರೆ ಅವರ ರಾಜಕೀಯ ಬದುಕಿನ ಒಂದು ವಿಚಿತ್ರ ಕಾಣಿಸುತ್ತದೆ. ಊರೂರಿಗೂ ಅಧಿಕಾರ ಹಂಚಲು ಹೊರಟ ಈ ನಾಯಕನಿಗೆ ತನ್ನದೇ ಎನ್ನಬಹುದಾದ ಒಂದು ಕ್ಷೇತ್ರ ಕೊನೆಯವರೆಗೂ ನಿಲ್ಲಲಿಲ್ಲ.

ದೊಡ್ಮನೆಯಿಂದ ವಿಧಾನಸೌಧಕ್ಕೆ

ಹೆಗಡೆ ಹುಟ್ಟಿದ್ದು 1926ರ ಆಗಸ್ಟ್ 29ರಂದು, ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ. ಅಡಿಕೆ ತೋಟದ ಹವ್ಯಕ ಮನೆತನ. ಓದು ಅವರನ್ನು ಬಲು ದೂರ ಕರೆದೊಯ್ದಿತು. ಕಾಶಿ ವಿದ್ಯಾಪೀಠದಲ್ಲಿ ಕಲಿತು, ಲಖನೌ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು ಬಂದರು. ಉತ್ತರ ಭಾರತದಲ್ಲಿ ಕಳೆದ ಆ ವರ್ಷಗಳಿಂದ ಅವರಿಗೆ ದಕ್ಕಿದ ಹಿಂದಿ ಮುಂದೆ ದೆಹಲಿಯಲ್ಲಿ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಬೇರೆ ಹೇಳಬೇಕಿಲ್ಲ. ದಕ್ಷಿಣದ ಎಷ್ಟೋ ನಾಯಕರು ಎಡವಿದ್ದು ಅಲ್ಲೇ. ಭಾರತ ಬಿಟ್ಟು ತೊಲಗಿ ಚಳವಳಿಯಲ್ಲಿ ಹದಿಹರೆಯದಲ್ಲೇ ಜೈಲು ಕಂಡ ಅವರು, ಊರಿಗೆ ಮರಳಿ ಕಾಂಗ್ರೆಸ್ ಸೇರಿ, 1954ರಲ್ಲಿ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷರಾದರು.

ಆಗ ಉತ್ತರ ಕನ್ನಡ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿಗೆ ಸೇರಿದ ಜಿಲ್ಲೆ ಅದು. ಸುಮಾರು ಒಂದು ಶತಮಾನದ ಬಳಿಕ, 1956ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷವೇ ಚುನಾವಣೆ. ಮೂವತ್ತೊಂದು ತುಂಬದ ಹೆಗಡೆ 1957ರಲ್ಲಿ ಶಿರಸಿಯಿಂದ ಗೆದ್ದು, ಬೆಂಗಳೂರಿನಲ್ಲಿ ಆಗಷ್ಟೇ ಮೇಲೆದ್ದಿದ್ದ ವಿಧಾನಸೌಧದ ಮೆಟ್ಟಿಲು ಹತ್ತಿದರು. ಹೊಸದಾಗಿ ಕೂಡಿಕೊಂಡ ಜಿಲ್ಲೆಯಿಂದ ಬಂದ ಓದಿದ ಹುಡುಗನ ಮೇಲೆ ಹಿರಿಯರ ಕಣ್ಣು ಬೀಳಲು ತಡವಾಗಲಿಲ್ಲ. ಪ್ರದೇಶ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯ ಹೊಣೆ ಬಂತು. 1962ರಲ್ಲಿ ಶಿರಸಿಯಿಂದಲೇ ಮರು ಆಯ್ಕೆಯಾದ ಮೇಲೆ ಎಸ್. ನಿಜಲಿಂಗಪ್ಪ ಅವರ ಸಂಪುಟದಲ್ಲಿ ಸಚಿವರಾದರು.

ಹಳಿಯಾಳಕ್ಕೆ ಅವರು ಬಂದದ್ದು ಮಂತ್ರಿಯಾಗಿಯೇ. ಇದು ಗಮನಿಸಬೇಕಾದ ಮಾತು. ಸಿದ್ದಾಪುರ-ಶಿರಸಿಯ ಅಡಿಕೆ ಸೀಮೆಗೂ ಹಳಿಯಾಳ-ಸೂಪಾ ಸೀಮೆಗೂ ಜಿಲ್ಲೆ ಒಂದೇ ಆದರೂ ಲೋಕ ಬೇರೆ. ಇಲ್ಲಿ ತೋಟಕ್ಕಿಂತ ಭತ್ತದ ಗದ್ದೆ ಹೆಚ್ಚು, ಗದ್ದೆಗಿಂತ ತೇಗದ ಕಾಡು ಹೆಚ್ಚು. ಮಾತು ಕನ್ನಡದ ಜೊತೆಗೆ ಮರಾಠಿ, ಕೊಂಕಣಿ, ಉರ್ದು. ಮರಾಠರು, ಲಿಂಗಾಯತರು, ಮುಸ್ಲಿಮರು, ಗೌಳಿಗರು, ಕುಣಬಿಗಳು, ಆಫ್ರಿಕಾ ಮೂಲದ ಸಿದ್ದಿಗಳು ಬೆರೆತ ಜನ. ಜಾತಿ ಲೆಕ್ಕ ಹಾಕಿದರೆ ಹವ್ಯಕ ಅಭ್ಯರ್ಥಿಯೊಬ್ಬ ಇಲ್ಲಿ ನಿಲ್ಲುವುದು ಜಾಣತನವಾಗಿ ಕಾಣುವುದಿಲ್ಲ. ಆದರೂ ಹೆಗಡೆ 1967ರಲ್ಲಿ ನಿಂತರು, ಗೆದ್ದರು. ಪಕ್ಷದ ಚಿಹ್ನೆ ಮತ್ತು ಮಂತ್ರಿಗಿರಿಯ ತೂಕ ಎರಡೂ ಅವರ ಕಡೆಗಿದ್ದವು.

ಅದೇ ಚುನಾವಣೆಯಲ್ಲಿ ಜಿಲ್ಲೆಯ ಮತದಾರರು ಇನ್ನೊಂದು ಕೆಲಸ ಮಾಡಿದರು. ಲೋಕಸಭೆಗೆ ಕಾಂಗ್ರೆಸ್ಸನ್ನು ಬಿಟ್ಟು ಪಕ್ಷೇತರ ದಿನಕರ ದೇಸಾಯಿ ಅವರನ್ನು ಆರಿಸಿದರು. ಚುಟುಕಗಳ ಕವಿಯೆಂದು ನಾಡಿಗೆ ಪರಿಚಿತರಾದ ದೇಸಾಯಿ, ಗೇಣಿದಾರ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದವರು. ದಾಂಡೇಲಿಯ ಜನತಾ ವಿದ್ಯಾಲಯ ಆ ಟ್ರಸ್ಟಿನದೇ. ದೇಸಾಯಿ ಅವರ ಪಾರ್ಲಿಮೆಂಟಿನ ಬಾಳು ಒಂದೇ ಅವಧಿಗೆ ಮುಗಿಯಿತು, ಶಾಲೆಗಳು ಉಳಿದವು. ಒಂದೇ ವರ್ಷ ಒಂದೇ ಜಿಲ್ಲೆ ಆರಿಸಿದ ಈ ಇಬ್ಬರ ಹಾದಿಗಳು ಎಷ್ಟು ಬೇರೆಯೆಂಬುದನ್ನು ನೋಡುತ್ತ ಹೋದರೆ ಕುತೂಹಲವೆನಿಸುತ್ತದೆ.

ಲವ-ಕುಶರ ಕಾಲ

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾಗಿ ದೆಹಲಿಗೆ ಹೊರಟಾಗ ಮುಖ್ಯಮಂತ್ರಿ ಪಟ್ಟ ವೀರೇಂದ್ರ ಪಾಟೀಲರಿಗೆ ಬಂತು. ಹಣಕಾಸು ಖಾತೆ ಹಳಿಯಾಳದ ಶಾಸಕರಿಗೆ. ಪಾಟೀಲ್ ಮತ್ತು ಹೆಗಡೆ ಜೋಡಿಯನ್ನು ನಿಜಲಿಂಗಪ್ಪನವರ ಲವ-ಕುಶರೆಂದೇ ಅಂದಿನ ರಾಜಕೀಯ ವಲಯ ಕರೆಯಿತು. ಸಹಕಾರ, ಪಂಚಾಯತ್ ರಾಜ್, ಯೋಜನೆ, ಅಬಕಾರಿ ಹೀಗೆ ಹಲವು ಖಾತೆಗಳು ಹೆಗಡೆ ಅವರ ಕೈ ಹಾದುಹೋಗಿದ್ದವು. ಅವರಿಗೆ ಹೆಸರು ತಂದದ್ದು ಮಾತ್ರ ಹಣಕಾಸು. ಮುಂದೆ ಮುಖ್ಯಮಂತ್ರಿಯಾಗಿ ಮಂಡಿಸಿದ್ದನ್ನೂ ಸೇರಿಸಿ ಅವರು 13 ಬಜೆಟ್‌ಗಳನ್ನು ಮಂಡಿಸಿದರು. ಆ ದಾಖಲೆಯನ್ನು ಸಿದ್ದರಾಮಯ್ಯ ಅವರು 2018ರಲ್ಲಿ ಸರಿಗಟ್ಟಿ, 2023ರ ಜುಲೈನಲ್ಲಿ ಮುರಿಯುವವರೆಗೆ ಯಾರೂ ಮುಟ್ಟಿರಲಿಲ್ಲ.

ದಾಂಡೇಲಿಯಲ್ಲಿ ಆಗ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬೆಳೆಯುತ್ತಿತ್ತು. 1955ರಲ್ಲಿ ಸ್ಥಾಪನೆಯಾದ ಆ ಕಂಪನಿಗೆ ಉತ್ತರ ಕನ್ನಡದ ಬಿದಿರು ಅಗ್ಗದ ದರಕ್ಕೆ ದೊರೆಯುತ್ತಿತ್ತು. ಕಾಳಿ ನದಿಯ ನೀರು ಪಕ್ಕದಲ್ಲೇ ಇತ್ತು. ಕೆಲಸ ಹುಡುಕಿಕೊಂಡು ದೇಶದ ನಾನಾ ಮೂಲೆಗಳಿಂದ ಜನ ಬಂದು ದಾಂಡೇಲಿ ಒಂದು ಸಣ್ಣ ಭಾರತವೇ ಆಯಿತು. ಆ ಕಡೆ ಮುಂಡಗೋಡದಲ್ಲಿ ಇನ್ನೊಂದು ಬಗೆಯ ಹೊಸಬರು. 1966ರಿಂದ ಅಲ್ಲಿ ಟಿಬೆಟನ್ ನಿರಾಶ್ರಿತರು ಕಾಡು ಕಡಿದು, ಜೋಳ-ಭತ್ತ ಬಿತ್ತಿ, ಡ್ರೆಪುಂಗ್ ಮತ್ತು ಗಾಂಡೆನ್ ಬೌದ್ಧ ವಿಹಾರಗಳನ್ನು ಮತ್ತೆ ಕಟ್ಟಿಕೊಂಡರು. ಅವರಿಗೆ ನೆಲ ಕೊಟ್ಟದ್ದು ನಿಜಲಿಂಗಪ್ಪ ಸರ್ಕಾರ. ಕಾಡು ಸರ್ಕಾರದ್ದು, ಕೊಡುವ ಕೈ ಸರ್ಕಾರದ್ದು. ಕಾಡಿನಲ್ಲಿ ಮೊದಲಿನಿಂದ ಇದ್ದ ಸಿದ್ದಿ, ಕುಣಬಿ, ಗೌಳಿಗರ ಕೈಗೆ ಹಕ್ಕುಪತ್ರ ಮಾತ್ರ ಸುಲಭಕ್ಕೆ ಬರಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು.

1969 ಕಾಂಗ್ರೆಸ್ಸಿನ ಒಡಕಿನ ವರ್ಷ. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ರಾಷ್ಟ್ರಪತಿ ಅಭ್ಯರ್ಥಿಯ ಪ್ರಶ್ನೆಯ ಮೇಲೆ ಇಂದಿರಾ ಗಾಂಧಿ ಮತ್ತು ಹಿರಿಯರ ನಡುವಿನ ಜಗಳ ಅಲ್ಲಿ ಬಯಲಿಗೆ ಬಂತು. ನವೆಂಬರ್‌ನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದಾಗ ಅಧ್ಯಕ್ಷರಾಗಿದ್ದವರು ನಿಜಲಿಂಗಪ್ಪನವರೇ. ಲವ-ಕುಶರು ಸಹಜವಾಗಿ ಗುರುವಿನ ಜೊತೆ ನಿಂತರು. ಅದರ ಬೆಲೆ ತೆರಬೇಕಾದದ್ದು 1971ರಲ್ಲಿ. ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅದೇ ಮಾರ್ಚ್‌ನಲ್ಲಿ ಪಾಟೀಲರ ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. 1972ರಲ್ಲಿ ದೇವರಾಜ ಅರಸು ಭಾರೀ ಬಹುಮತದಿಂದ ಅಧಿಕಾರಕ್ಕೆ ಬಂದರು.

ಹೆಗಡೆ ಅವರ ಹಳಿಯಾಳದ ಅಧ್ಯಾಯ ಇಲ್ಲಿಗೆ ಮುಗಿಯಿತು. ಮುಂದೆ ತಮ್ಮ ಜಿಲ್ಲೆಯ ಯಾವ ಕ್ಷೇತ್ರದಿಂದಲೂ ಅವರು ವಿಧಾನಸಭೆಗೆ ಬರಲಿಲ್ಲ. ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿ ಕುಳಿತರು.

ಹಿಂಬಾಗಿಲಿನಿಂದ ಮುಂಬಾಗಿಲಿಗೆ

ರಾಷ್ಟ್ರ ರಾಜಕಾರಣಕ್ಕೆ ಅವರನ್ನು ದೂಡಿದ್ದು ತುರ್ತು ಪರಿಸ್ಥಿತಿ. 1975ರಲ್ಲಿ ಬೆಂಗಳೂರಿನ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯಂಥವರು ಬಂಧಿಗಳಾಗಿದ್ದರು. ಹೆಗಡೆ ಅವರೂ ಸೆರೆಮನೆ ಕಂಡರು. ಆ ಸೆರೆವಾಸದ ಕಾಲದಲ್ಲಿ ಬೆಸೆದ ಸ್ನೇಹಗಳು ಇಪ್ಪತ್ತು ವರ್ಷಗಳ ಮೇಲೂ ಫಲ ಕೊಟ್ಟವು. 1977ರಲ್ಲಿ ಜನತಾ ಪಕ್ಷ ಹುಟ್ಟಿತು, ಉತ್ತರ ಭಾರತವನ್ನು ಗುಡಿಸಿಕೊಂಡು ಹೋಯಿತು. ಕರ್ನಾಟಕ ಮಾತ್ರ ಬೇರೆಯೇ ತೀರ್ಪು ಕೊಟ್ಟಿತು. 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ. ಉತ್ತರ ಕನ್ನಡವೂ ಅದರಲ್ಲಿ ಸೇರಿತ್ತು. ಹೀಗಾಗಿ ಗೆದ್ದ ಪಕ್ಷದ ನಾಯಕರಾಗಿದ್ದರೂ ಹೆಗಡೆ ಅವರ ಬೆನ್ನಿಗೆ ಸ್ವಂತ ನಾಡಿನ ಮತವಿರಲಿಲ್ಲ. 1978ರಲ್ಲಿ ಅವರು ರಾಜ್ಯಸಭೆಯ ಮೂಲಕ ದೆಹಲಿ ಸೇರಿದರು. ಚಂದ್ರಶೇಖರ್ ಅಧ್ಯಕ್ಷರಾಗಿದ್ದ ಜನತಾ ಪಕ್ಷಕ್ಕೆ ಪ್ರಧಾನ ಕಾರ್ಯದರ್ಶಿಯಾದರು.

ಅಲ್ಲಿಂದ ಅವರನ್ನು ಮತ್ತೆ ಬೆಂಗಳೂರಿಗೆ ತಂದದ್ದು 1983ರ ಜನವರಿ. ನರಗುಂದ-ನವಲಗುಂದದ ರೈತ ಬಂಡಾಯ, ಗೋಕಾಕ್ ಚಳವಳಿ ಇವೆರಡರ ಬಿಸಿಯಲ್ಲಿ ಗುಂಡೂರಾವ್ ಸರ್ಕಾರ ಕರಗಿಹೋಗಿತ್ತು. ಜನತಾ ರಂಗಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಯಾರಿಗೂ ಬಹುಮತವಿಲ್ಲ. ಗದ್ದುಗೆಗೆ ಕಣ್ಣಿಟ್ಟವರು ಮಾತ್ರ ಹಲವರು. ಎಸ್. ಬಂಗಾರಪ್ಪ, ಎಚ್.ಡಿ. ದೇವೇಗೌಡ, ಎಸ್.ಆರ್. ಬೊಮ್ಮಾಯಿ ಎಲ್ಲರಿಗೂ ಊರಿನಲ್ಲಿ ಗಟ್ಟಿ ನೆಲ, ಹಿಂದೆ ಜನ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಸುಮ್ಮನಿರುವಂತಿಲ್ಲ. ಶಾಸಕರೇ ಅಲ್ಲದ, ಯಾವ ಬಣದ ಬಾಲವೂ ಆಗಿರದ ಹೆಗಡೆ ಎಲ್ಲರಿಗೂ ಸಹಿಸಬಹುದಾದ ಹೆಸರಾಯಿತು. ಕ್ಷೇತ್ರವಿಲ್ಲದ್ದೇ ಅವರಿಗೆ ಅಂದು ಅರ್ಹತೆಯಾಯಿತೆಂದರೆ ಅತಿಶಯೋಕ್ತಿ ಅಲ್ಲ. ಜನವರಿ 10ರಂದು ಪ್ರಮಾಣ ವಚನ. ಪಿ.ಜಿ.ಆರ್. ಸಿಂಧ್ಯ ಕನಕಪುರವನ್ನು ಬಿಟ್ಟುಕೊಟ್ಟರು, ಹೆಗಡೆ ಉಪಚುನಾವಣೆಯಲ್ಲಿ ಅಲ್ಲಿಂದ ಗೆದ್ದರು. ದೇಶಪಾಂಡೆ ಹಳಿಯಾಳದಲ್ಲಿ ಮೊದಲ ಸಲ ಗೆದ್ದದ್ದೂ ಇದೇ 1983ರ ಚುನಾವಣೆಯಲ್ಲಿ.

ಮುಖ್ಯಮಂತ್ರಿಯಾಗಿ ಎರಡು ತಿಂಗಳು ತುಂಬುತ್ತಿದ್ದಂತೆ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದರು. ರಾಜ್ಯಗಳ ಹಣ, ಅಧಿಕಾರ ಎರಡನ್ನೂ ಕೇಂದ್ರ ಬಿಗಿಹಿಡಿದಿದೆ ಎಂಬುದು ಅವರ ದೂರು. ಆ ತಿಂಗಳೇ ಇಂದಿರಾ ಗಾಂಧಿ ಕೇಂದ್ರ-ರಾಜ್ಯ ಸಂಬಂಧಗಳ ಪರಿಶೀಲನೆಗೆ ಸರ್ಕಾರಿಯಾ ಆಯೋಗವನ್ನು ಘೋಷಿಸಿದರು. 1984ರ ಆಗಸ್ಟ್‌ನಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಸರ್ಕಾರವನ್ನು ರಾಜ್ಯಪಾಲರು ವಜಾ ಮಾಡಿದಾಗ ತೆಲುಗುದೇಶಂ ಶಾಸಕರಿಗೆ ಕರ್ನಾಟಕ ಆಶ್ರಯ ಕೊಟ್ಟಿತು. ಇಂದು ಹೇಸಿಗೆ ಹುಟ್ಟಿಸುವ ರೆಸಾರ್ಟ್ ರಾಜಕಾರಣದ ಆರಂಭದ ಅಂಕಗಳಲ್ಲಿ ಒಂದು ಅದು. ಆದರೆ ಅಂದು ಅದು ಪ್ರಜಾಪ್ರಭುತ್ವದ ರಕ್ಷಣೆಯಂತೆ ಕಂಡಿತ್ತು. ಒಂದು ತಿಂಗಳಲ್ಲಿ ರಾಮರಾವ್ ಮತ್ತೆ ಗದ್ದುಗೆ ಏರಿದ್ದರಿಂದ ಹಾಗೆ ಕಂಡದ್ದರಲ್ಲಿ ತಪ್ಪೂ ಇರಲಿಲ್ಲ.

1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆ ಅವರನ್ನು ಇನ್ನೊಂದು ಮೆಟ್ಟಿಲು ಮೇಲೇರಿಸಿತು. ಇಂದಿರಾ ಹತ್ಯೆಯ ಅಲೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ ಪಾಲಾದವು. ಜನ ತಮ್ಮನ್ನು ತಿರಸ್ಕರಿಸಿದ್ದಾರೆ ಎಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರು ತಿಂಗಳ ಅಂತರದಲ್ಲಿ ದೆಹಲಿಗೊಬ್ಬರು, ಬೆಂಗಳೂರಿಗೊಬ್ಬರು. ಕರ್ನಾಟಕದ ಮತದಾರ ಎರಡು ತಕ್ಕಡಿ ಇಟ್ಟುಕೊಂಡಿದ್ದಾನೆಂಬ ಮಾತು ಅಲ್ಲಿಂದ ರೂಢಿಗೆ ಬಂತು. ಈ ಸಲ ಹೆಗಡೆ ನಿಂತದ್ದು ಕನಕಪುರದಲ್ಲಿ ಅಲ್ಲ, ಬೆಂಗಳೂರಿನ ಬಸವನಗುಡಿಯಲ್ಲಿ. ಮೌಲ್ಯಾಧಾರಿತ ರಾಜಕಾರಣ ಎಂಬ ಅವರ ಮಾತು ರಾಷ್ಟ್ರದ ಪತ್ರಿಕೆಗಳಲ್ಲಿ ಓಡಾಡತೊಡಗಿತು. ಮುಂದಿನ ಪ್ರಧಾನಿ ಎಂದು ಬರೆದವರೂ ಇದ್ದರು.

ಮಂಡಲ ಪಂಚಾಯಿತಿ ಮತ್ತು ಮುಳುಗಿದ ಸೂಪಾ

ಹೆಗಡೆ ಆಡಳಿತದಲ್ಲಿ ನಿಜವಾಗಿ ಉಳಿದದ್ದು ಯಾವುದು? ಲೋಕಾಯುಕ್ತ ಕಾಯ್ದೆ ಅವರ ಕಾಲದ್ದು. ಪಾಟೀಲ ಪುಟ್ಟಪ್ಪ ಅಧ್ಯಕ್ಷರಾಗಿದ್ದ ಕನ್ನಡ ಕಾವಲು ಸಮಿತಿಯೂ ಅವರ ಕಾಲದ್ದೇ. ಎಲ್ಲಕ್ಕಿಂತ ದೊಡ್ಡದು ಪಂಚಾಯತ್ ರಾಜ್. 1983ರಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಇದರ ಹಿಂದಿನ ಜೀವ ಸಚಿವ ಅಬ್ದುಲ್ ನಜೀರ್‌ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್‌ಸಾಬ್ ಎನಿಸಿಕೊಂಡವರು. ಹೆಗಡೆ ಅವರಿಗೆ ಇದು ಹೊಸ ವಿಷಯವೇನಲ್ಲ, ಅರವತ್ತರ ದಶಕದಲ್ಲಿ ಆ ಖಾತೆಯನ್ನು ಸ್ವತಃ ನೋಡಿದ್ದವರು.

ವ್ಯವಸ್ಥೆ ಹೀಗಿತ್ತು. ಕೆಲವು ಹಳ್ಳಿಗಳು ಸೇರಿ ಒಂದು ಮಂಡಲ ಪಂಚಾಯಿತಿ. ಅಂಥವು ರಾಜ್ಯದಲ್ಲಿ ಸುಮಾರು 2,500. ಜಿಲ್ಲೆಗೊಂದರಂತೆ 19 ಜಿಲ್ಲಾ ಪರಿಷತ್ತುಗಳು. ಸದಸ್ಯರಲ್ಲಿ ಕಾಲು ಭಾಗ ಮಹಿಳೆಯರೇ ಇರಬೇಕು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಇದು ಸಣ್ಣ ಮಾತಲ್ಲ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಕಲೆಕ್ಟರು ಮೊದಲ ಬಾರಿಗೆ ಚುನಾಯಿತನೊಬ್ಬನ ಪಕ್ಕದಲ್ಲಿ ಎರಡನೆಯವನಾದ. ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರಿನ ಹಣ ಜಿಲ್ಲೆಗೇ ಬಂತು. ಶಾಸಕರಿಗೆ ಇದು ಹಿಡಿಸಲಿಲ್ಲವೆಂಬುದೂ ನಿಜ. ವರ್ಗಾವಣೆಗೂ ಗುತ್ತಿಗೆಗೂ ಜನ ಅವರ ಬಾಗಿಲಿಗೆ ಬರುವುದು ಕಡಿಮೆಯಾದರೆ ಶಾಸಕಗಿರಿಯ ಗತ್ತು ಎಲ್ಲಿ ಉಳಿಯಬೇಕು? ಐದು ವರ್ಷ ತುಂಬುವ ಹೊತ್ತಿಗೆ ಸರ್ಕಾರ ಬದಲಾಗಿತ್ತು, ಸಂಸ್ಥೆಗಳಿಗೆ ಆಡಳಿತಾಧಿಕಾರಿಗಳು ಬಂದರು. ಆದರೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಂಚಾಯಿತಿಗಳು ಇಡೀ ದೇಶಕ್ಕೆ ಕಡ್ಡಾಯವಾದಾಗ ಕರ್ನಾಟಕದ ಪ್ರಯೋಗ ಎಲ್ಲರ ಮುಂದಿತ್ತು.

ಇದೇ 1987ನೇ ಇಸವಿ ಹಳಿಯಾಳದ ಪಕ್ಕದ ಸೂಪಾಕ್ಕೆ ಬೇರೆ ಕಾರಣಕ್ಕೆ ನೆನಪಿನಲ್ಲಿದೆ. ಕಾಳಿ ನದಿಗೆ ಅಡ್ಡಲಾಗಿ ಎದ್ದ 101 ಮೀಟರ್ ಎತ್ತರದ ಅಣೆಕಟ್ಟು ಪೂರ್ಣಗೊಂಡದ್ದು ಆ ವರ್ಷ. ಸೂಪಾ ಪೇಟೆ ನೀರಿನಡಿ ಸೇರಿತು. ತಾಲ್ಲೂಕಿನ ಕಚೇರಿಗಳು ಜೊಯಿಡಾಕ್ಕೆ ಹೋದವು, ತಾಲ್ಲೂಕಿನ ಹೆಸರೂ ಕ್ರಮೇಣ ಜೊಯಿಡಾ ಎಂದಾಯಿತು. ಮುಳುಗಡೆಯ ಜನರಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ಸೂಪಾದ ನೀರನ್ನು ನಂಬಿ ಅಂಬಿಕಾನಗರದ ನಾಗಝರಿ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು. ಯೋಜನೆ ಶುರುವಾದದ್ದು ಹೆಗಡೆ ಮುಖ್ಯಮಂತ್ರಿಯಾಗುವುದಕ್ಕೂ ಬಹಳ ಮೊದಲು, ಅದನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಹಳ್ಳಿಗರೇ ತಮ್ಮ ಊರಿನ ಕೆಲಸ ತೀರ್ಮಾನಿಸಲೆಂದು ರಾಜ್ಯದುದ್ದಕ್ಕೂ ಮತ ನಡೆದ ವರ್ಷದಲ್ಲೇ, ಇಪ್ಪತ್ತು ವರ್ಷ ಹಿಂದೆ ಮುಖ್ಯಮಂತ್ರಿಯನ್ನು ಆರಿಸಿ ಕಳಿಸಿದ್ದ ಸೀಮೆಯ ಪೇಟೆಯೊಂದು ಯಾರ ಮತವನ್ನೂ ಕೇಳದೆ ನಕಾಶೆಯಿಂದ ಅಳಿಸಿಹೋಯಿತು.

ಜಿಲ್ಲೆಯಲ್ಲಿ ಬೇರೆ ದನಿಗಳೂ ಏಳತೊಡಗಿದ್ದವು. ಹೆಗಡೆ ಅಧಿಕಾರಕ್ಕೆ ಬಂದ ವರ್ಷವೇ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ಅಪ್ಪಿಕೊ ಚಳವಳಿ ಆರಂಭಿಸಿದರು. ಬಳಿಕ ಕೈಗಾ ಅಣು ಸ್ಥಾವರದ ವಿರುದ್ಧ ಹೋರಾಟ. 1989ರ ಲೋಕಸಭಾ ಚುನಾವಣೆಯಲ್ಲಿ ಇಳಿವಯಸ್ಸಿನ ಶಿವರಾಮ ಕಾರಂತರು ಪರಿಸರದ ಪ್ರಶ್ನೆ ಹಿಡಿದು ಈ ಜಿಲ್ಲೆಯಿಂದಲೇ ನಿಂತರು. ಗೆಲ್ಲಲಿಲ್ಲ.

ಇಳಿಜಾರು

ಹೆಗಡೆ ಅವರ ರಾಜೀನಾಮೆಗಳ ಬಗ್ಗೆಯೇ ಒಂದು ಲೇಖನ ಬರೆಯಬಹುದು. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟು ಟೀಕಿಸಿದ್ದಕ್ಕೆ ರಾಜೀನಾಮೆ ಕೊಟ್ಟರು, ಮೂರು ದಿನದಲ್ಲಿ ವಾಪಸ್ ಪಡೆದರು. 1988ರ ಆಗಸ್ಟ್‌ನಲ್ಲಿ ರಾಜಕಾರಣಿಗಳ ದೂರವಾಣಿ ಕದ್ದಾಲಿಸಿದ ಆರೋಪ ಸಂಸತ್ತಿನಲ್ಲಿ ಸದ್ದು ಮಾಡಿದಾಗ ಕೊಟ್ಟದ್ದು ವಾಪಸ್ ಬರಲಿಲ್ಲ. ಬೊಮ್ಮಾಯಿ ಮುಖ್ಯಮಂತ್ರಿಯಾದರು. 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1994ರ ಬೊಮ್ಮಾಯಿ ತೀರ್ಪು 356ನೇ ವಿಧಿಗೆ ಲಗಾಮು ಹಾಕಿದ್ದು ಬೇರೆ ಕಥೆ. ಮೌಲ್ಯಗಳ ಮಾತಾಡಿದವರನ್ನು ಜನ ಮೌಲ್ಯಗಳ ಅಳತೆಗೋಲಿನಿಂದಲೇ ಅಳೆಯುತ್ತಾರೆ. ಬೇರೆ ಮುಖ್ಯಮಂತ್ರಿಗಳಾದರೆ ದಕ್ಕಿಸಿಕೊಳ್ಳಬಹುದಾಗಿದ್ದ ಆರೋಪಗಳು ಹೆಗಡೆ ಅವರಿಗೆ ದುಬಾರಿಯಾದವು.

1988ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಜನತಾದಳ ಹುಟ್ಟಿತು. ಮರುವರ್ಷ ವಿ.ಪಿ. ಸಿಂಗ್ ಪ್ರಧಾನಿಯಾದಾಗ ಹೆಗಡೆ ಅವರಿಗೆ ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನ ಸಿಕ್ಕಿತು. ಅವರ ಆಡಳಿತ ಕಾಲದ ಭೂ ವ್ಯವಹಾರಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ವರದಿ 1990ರಲ್ಲಿ ಬಂದಾಗ ಆ ಹುದ್ದೆಯನ್ನೂ ಬಿಟ್ಟರು.

1991ರ ಸೋಲು ಬೇರೆ ತರಹದ್ದು. ಲೋಕಸಭೆಗೆ ಅವರು ಆರಿಸಿಕೊಂಡದ್ದು ಬಾಗಲಕೋಟೆ. ಎದುರಾಳಿ ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡ. ಜಮಖಂಡಿ ಸೀಮೆಯ ಈ ರೈತ ಮುಖಂಡ, ಸರ್ಕಾರದ ದಾರಿ ಕಾದು ಬೇಸತ್ತ ರೈತರನ್ನು ಕೂಡಿಸಿ, ಅವರ ದುಡ್ಡಿನಿಂದ, ಅವರ ದುಡಿಮೆಯಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿಸಿದ್ದರು. ಶ್ರಮಬಿಂದು ಸಾಗರ ಅದರ ಹೆಸರು. ಬ್ಯಾರೇಜ್ ಕಟ್ಟಿದವನ ಮುಂದೆ ಪಂಚಾಯತ್ ರಾಜ್ ಕಟ್ಟಿದವರು ಸೋತರು. ಸ್ಥಳೀಯರ ಶಕ್ತಿಯ ಬಗ್ಗೆ ಹೆಗಡೆ ಹೇಳುತ್ತ ಬಂದದ್ದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಅವರಿಗೆ ಸಿಗುತ್ತಿರಲಿಲ್ಲ. ಜನತಾದಳಕ್ಕೆ ಆ ಸಲ ರಾಜ್ಯದಲ್ಲಿ ಒಂದು ಸ್ಥಾನವೂ ಬರಲಿಲ್ಲ. ಆಗ ಜನತಾದಳದಿಂದ ಹೊರಗಿದ್ದ ದೇವೇಗೌಡರು ಮಾತ್ರ ಹಾಸನದಿಂದ ಗೆದ್ದುಬಂದರು.

ಇಬ್ಬರ ಜಗಳದ ಬೇರೂ ಇಲ್ಲೇ ಇದೆಯೆನ್ನಬಹುದು. ದೇವೇಗೌಡರು 1962ರಿಂದ ಹೊಳೆನರಸೀಪುರದಲ್ಲಿ ಬೇರು ಬಿಟ್ಟವರು. 1989ರಲ್ಲಿ ಒಮ್ಮೆ ಅಲ್ಲಿ ಸೋತರೂ ಹಾಸನ ಜಿಲ್ಲೆ ಅವರ ಹಿಂದೆ ನಿಂತಿತ್ತು. ಹೆಗಡೆ ಅವರ ಹಿಂದೆ ಇದ್ದದ್ದು ಹೆಸರು, ಮಾತು, ದೆಹಲಿಯ ಗೆಳೆತನಗಳು. 1996ರಲ್ಲಿ ರಾಜ್ಯದಿಂದ 16 ಸಂಸದರನ್ನು ಗೆಲ್ಲಿಸಿಕೊಂಡ ದೇವೇಗೌಡರು, ಸಂಸತ್ತಿನ ಯಾವ ಸದನದ ಸದಸ್ಯರೂ ಅಲ್ಲದಿದ್ದಾಗಲೇ ಜೂನ್ 1ರಂದು ಪ್ರಧಾನಿಯಾದರು. ಹತ್ತು ವರ್ಷ ಹಿಂದೆ ಆ ಕುರ್ಚಿಗೆ ಹೆಗಡೆ ಹೆಸರು ಕೇಳಿಬಂದಿತ್ತು. ತಮ್ಮ ಅಸಮಾಧಾನವನ್ನು ಹೆಗಡೆ ಮುಚ್ಚಿಡಲಿಲ್ಲ. ಅದೇ ತಿಂಗಳು ಜನತಾದಳ ಅವರನ್ನು ಹೊರಹಾಕಿತು.

ಕೊನೆಯ ಮಂತ್ರಿಗಿರಿ

ಎಪ್ಪತ್ತರ ಅಂಚಿನಲ್ಲಿ ಹೊಸ ಪಕ್ಷ ಕಟ್ಟುವುದು ಸುಲಭವಲ್ಲ. ಹೆಗಡೆ 1997ರಲ್ಲಿ ಲೋಕಶಕ್ತಿ ಕಟ್ಟಿದರು. 1998ರಲ್ಲಿ ಬಿಜೆಪಿ ಜೊತೆ ಸೇರಿದರು. ರಾಜ್ಯದ 28ರಲ್ಲಿ ಬಿಜೆಪಿಗೆ 13, ಲೋಕಶಕ್ತಿಗೆ 3. ಕರ್ನಾಟಕದ ಹಳ್ಳಿಗಳಲ್ಲಿ ಅಲ್ಲಿಯವರೆಗೆ ಬಾಗಿಲು ಕಾಣದ ಬಿಜೆಪಿಗೆ ಬಾಗಿಲು ತೆರೆದವರಲ್ಲಿ ಹೆಗಡೆ ಒಬ್ಬರೆಂಬ ಮಾತನ್ನು ಅವರ ಮೆಚ್ಚುಗರೂ ಟೀಕಾಕಾರರೂ ಇಂದಿಗೂ ಹೇಳುತ್ತಾರೆ, ದನಿ ಮಾತ್ರ ಬೇರೆ. ವಾಜಪೇಯಿ ಸಂಪುಟದಲ್ಲಿ ಅವರು ವಾಣಿಜ್ಯ ಸಚಿವರಾದರು, ರಾಜ್ಯಸಭೆಯ ಸದಸ್ಯರಾಗಿ.

ಕಾಲ ಕಠಿಣವಾಗಿತ್ತು. ಆಮದಿನ ಮೇಲೆ ಭಾರತ ಹಾಕಿದ್ದ ಪ್ರಮಾಣ ನಿರ್ಬಂಧಗಳನ್ನು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಅಮೆರಿಕ ಪ್ರಶ್ನಿಸಿತ್ತು, 1999ರಲ್ಲಿ ತೀರ್ಪು ಭಾರತದ ವಿರುದ್ಧ ಬಂತು. 2001ರ ಏಪ್ರಿಲ್ ಹೊತ್ತಿಗೆ ನಿರ್ಬಂಧಗಳನ್ನು ಪೂರ್ತಿ ಸಡಿಲಿಸಬೇಕಾಯಿತು. ಹೊರಗಿನ ಸರಕು ಬಂದರೆ ಕಾಳುಮೆಣಸು, ಅಡಿಕೆಯ ದರ ಏನಾದೀತೆಂದು ಮಲೆನಾಡು ಆತಂಕಪಡುತ್ತಿದ್ದ ದಿನಗಳವು. ದೆಹಲಿಯ ಉದ್ಯೋಗ ಭವನದಲ್ಲಿ ಆ ಕಡತಗಳನ್ನು ನೋಡುತ್ತಿದ್ದವರು ದೊಡ್ಮನೆಯ ಅಡಿಕೆ ತೋಟದ ಮಗ. 1999ರ ಅಕ್ಟೋಬರ್‌ನಲ್ಲಿ ವಾಜಪೇಯಿ ಮತ್ತೆ ಸಂಪುಟ ರಚಿಸಿದಾಗ ಅದರಲ್ಲಿ ಹೆಗಡೆ ಇರಲಿಲ್ಲ. ಅದೇ ಹೊತ್ತಿಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜನತಾ ಪರಿವಾರ ಚೂರಾಗಿ ಕಾಂಗ್ರೆಸ್ 132 ಸ್ಥಾನ ಗೆದ್ದಿತು. ಹಳಿಯಾಳದ ದೇಶಪಾಂಡೆ ಅಷ್ಟರಲ್ಲಿ ಕಾಂಗ್ರೆಸ್ ಸೇರಿದ್ದರು. ಪಕ್ಷ ಬದಲಾಯಿತು, ಕ್ಷೇತ್ರ ಬದಲಾಗಲಿಲ್ಲ. 2004ರ ಜನವರಿ 12ರಂದು, 77ನೇ ವಯಸ್ಸಿನಲ್ಲಿ, ಹೆಗಡೆ ಬೆಂಗಳೂರಿನಲ್ಲಿ ತೀರಿಕೊಂಡರು.

ಶಿರಸಿ, ಹಳಿಯಾಳ, ಪರಿಷತ್ತು, ರಾಜ್ಯಸಭೆ, ಕನಕಪುರ, ಬಸವನಗುಡಿ, ಬಾಗಲಕೋಟೆ, ಮತ್ತೆ ರಾಜ್ಯಸಭೆ. ಲೋಕಸಭೆಯ ಸದಸ್ಯರಾಗಿ ಅವರು ಒಂದು ದಿನವೂ ಕೂರಲಿಲ್ಲ. ಅವರ ನಂತರ ಈ ಜಿಲ್ಲೆಯಿಂದ ದೆಹಲಿಗೆ ಹೋದವರ ಹಾದಿಗಳು ಬೇರೆ ಬೇರೆ. ಮಾರ್ಗರೆಟ್ ಆಳ್ವ ನಾಲ್ಕು ಅವಧಿ ರಾಜ್ಯಸಭೆಯಲ್ಲಿದ್ದು 1999ರಲ್ಲಿ ಇಲ್ಲಿಂದ ಲೋಕಸಭೆ ಕಂಡರು. ಅನಂತಕುಮಾರ್ ಹೆಗಡೆ ಶಾಸಕರೇ ಆಗದೆ ಆರು ಸಲ ಸಂಸದರಾದರು. ದೇಶಪಾಂಡೆ ತಾವು ಹಳಿಯಾಳದಲ್ಲೇ ಉಳಿದು, 2014ರಲ್ಲಿ ಮಗ ಪ್ರಶಾಂತ್ ಅವರನ್ನು ಲೋಕಸಭೆಗೆ ನಿಲ್ಲಿಸಿದರು, ಜಿಲ್ಲೆ ಒಪ್ಪಲಿಲ್ಲ. ವಿಧಾನಸಭೆಯಿಂದ ನೇರ ಲೋಕಸಭೆಯ ಹಾದಿ ಹಿಡಿದವರು ವಿಶ್ವೇಶ್ವರ ಹೆಗಡೆ ಕಾಗೇರಿ. ಅಂಕೋಲಾದಿಂದ ಮೂರು ಸಲ, ಹೆಗಡೆ ಅವರ ಮೊದಲ ಕ್ಷೇತ್ರವಾಗಿದ್ದ ಶಿರಸಿಯಿಂದ ಮೂರು ಸಲ ಗೆದ್ದು ಸ್ಪೀಕರ್ ಕೂಡ ಆದ ಕಾಗೇರಿ 2023ರಲ್ಲಿ ಶಿರಸಿಯಲ್ಲೇ ಸೋತರು. ಮರುವರ್ಷ ಲೋಕಸಭೆಗೆ ನಿಂತರು. ಎದುರಿಗಿದ್ದವರು ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್, ಅವರೂ 2023ರಲ್ಲಿ ಸೋತವರೇ. ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡದ ಮತದಾರರ ಮುಂದಿದ್ದ ಪ್ರಮುಖ ಅಭ್ಯರ್ಥಿಗಳಿಬ್ಬರೂ ಒಂದು ವರ್ಷದ ಹಿಂದೆ ತಂತಮ್ಮ ಊರು ಮನೆಗೆ ಕಳಿಸಿದ ಶಾಸಕರು. ಗೆದ್ದ ಕಾಗೇರಿ ದೆಹಲಿಗೆ ಹೊರಟರು.